ಮರಳಿನಡಿಯ 277 ಕಿಲೋ

ಬೀಜದ ತೂಕ ಎರಡೂವರೆ ಗ್ರಾಂ, ಹೆಚ್ಚೆಂದರೆ ಮೂರು. ಕಡುಕಂದು ಬಣ್ಣ, ಗಟ್ಟಿ ಸಿಪ್ಪೆ. ಮಳೆ ಬಿದ್ದು ಮೊಳೆತರೆ ಮರಳಿನ ಮೇಲೆ ತೆಳ್ಳನೆಯ ಬಳ್ಳಿಯೊಂದು ಮೂರು ಮೀಟರೋ ಅದಕ್ಕಿಂತ ತುಸು ಹೆಚ್ಚೋ ಹಬ್ಬುತ್ತದೆ. ಇಬ್ಬಾಗವಾದ ಎಲೆಗಳು, ಹಳದಿ ಹೂಗಳು, ಕಾಯಿಯೊಂದಕ್ಕೆ ಬಹುಪಾಲು ಎರಡೇ ಕಾಳು. ಗಾಡಿಯಲ್ಲಿ ಹೋಗುವವನು ತಿರುಗಿ ನೋಡಲಾರ. ಇಂಥದೇ ಒಂದು ಬಳ್ಳಿಯ ಬುಡವನ್ನು ಬೋಟ್ಸ್ವಾನಾದಲ್ಲಿ ಅಗೆದು, ಕೆಳಗಿದ್ದ ಗೆಡ್ಡೆಯನ್ನು ತೂಕ ಮಾಡಿದರು. 277 ಕೆ.ಜಿ. ಬಂತು.

ಈ ಬಳ್ಳಿಯ ಹೆಸರು ಮರಾಮಾ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಟೈಲೋಸೀಮಾ ಎಸ್ಕುಲೆಂಟಮ್. ಬೋಟ್ಸ್ವಾನಾ, ನಮೀಬಿಯಾ ಮತ್ತು ದಕ್ಷಿಣ ಆಫ್ರಿಕಾದ ಉತ್ತರ ಭಾಗದ ಕುರುಚಲು ಬಯಲುಗಳು ಅದರ ತವರು. ಯಾರೂ ಉತ್ತು ಬಿತ್ತಿ ಬೆಳೆಸಿದ್ದಲ್ಲ, ಕಾಡಿನದು. ಅವರೆ, ಹೆಸರು, ತೊಗರಿ, ಕಡಲೆಗಳ ದೊಡ್ಡ ಕುಟುಂಬಕ್ಕೆ ಸೇರಿದ ದ್ವಿದಳ ಸಸ್ಯ.

ಆ 277 ಕಿಲೋವನ್ನು ಬೀಜದ ತೂಕದಿಂದ ಭಾಗಿಸಿ ನೋಡಬೇಕು. ಎರಡೂವರೆ ಗ್ರಾಮಿನ ಲೆಕ್ಕದಲ್ಲಿ ಒಂದಕ್ಕೆ 1,10,800 ಪಟ್ಟು. ಮೂರು ಕಿಲೋ ತೂಗುವ ಹಸುಗೂಸು ಇದೇ ಪ್ರಮಾಣದಲ್ಲಿ ಬೆಳೆದರೆ 332 ಟನ್ ಆಗುತ್ತದೆ, ಅಂದರೆ ಐದು ಟನ್ ತೂಗುವ ಅಂಬಾರಿ ಆನೆಗಳು ಅರವತ್ತಾರು. ಚಿಕ್ಕ ಬೀಜದಿಂದ ದೊಡ್ಡ ದೇಹ ಹುಟ್ಟುವುದು ಸಸ್ಯಲೋಕದಲ್ಲಿ ಹೊಸದೇನಲ್ಲ, ಸಾಸಿವೆಗಿಂತ ಸಣ್ಣ ಬೀಜದಿಂದ ಆಲದ ಮರವೇ ಎದ್ದು ನಿಲ್ಲುತ್ತದೆ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಆಲ ತಾನು ಎಷ್ಟು ದೊಡ್ಡದೆಂಬುದನ್ನು ಎಲ್ಲರ ಕಣ್ಣೆದುರಿಗೆ ಚಾಚಿ ನಿಂತಿರುತ್ತದೆ, ಮತ್ತು ಅದಕ್ಕೆ ನೀರಿರುವ ನೆಲ ಸಿಕ್ಕಿರುತ್ತದೆ. ಮರಾಮಾ ಬೆಳೆಯುವುದು ಒಂದು ಹಳ್ಳವೂ ಹರಿಯದ ಮರಳಿನಲ್ಲಿ. ಮೇಲೆ ಕಾಣುವ ಬಳ್ಳಿಯನ್ನೆಲ್ಲ ಸುತ್ತಿ ಒಬ್ಬನೇ ಹೊತ್ತು ನಡೆಯಬಹುದು. ಅದರ ಗೆಡ್ಡೆಯನ್ನು ಗುಂಡಿಯಿಂದ ಎತ್ತಲು ನಾಲ್ಕೈದು ಜನ ಬೇಕು.

ಆ ಮರಳಿನ ಅಗಾಧತೆಯನ್ನೂ ಹೇಳಿಬಿಡುತ್ತೇನೆ. ಕಲಹರಿ ಮರುಭೂಮಿಯ ವಿಸ್ತಾರ ಸುಮಾರು 9 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದಂಥ ನಾಲ್ಕು ರಾಜ್ಯಗಳನ್ನು ಒಳಗೆ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಮರುಭೂಮಿಯ ಎಲ್ಲೆ ದಾಟಿ ಉತ್ತರಕ್ಕೆ ಕಾಂಗೋ ಕಡೆಯವರೆಗೂ ಹಾಸಿರುವ ಕಲಹರಿ ಮರಳನ್ನೆಲ್ಲ ಸೇರಿಸಿದರೆ ಸುಮಾರು 25 ಲಕ್ಷ ಚದರ ಕಿಲೋಮೀಟರ್. ಭೂಮಿಯ ಮೇಲೆ ಎಡೆಬಿಡದೆ ಹರಡಿಕೊಂಡಿರುವ ಮರಳಿನ ಹಾಸುಗಳಲ್ಲಿ ಇಷ್ಟು ದೊಡ್ಡದು ಮತ್ತೊಂದಿಲ್ಲ. ಇದು ಬರಿಯ ದಿಬ್ಬಗಳ ನಾಡಲ್ಲ. ಒಣಹುಲ್ಲು, ಮುಳ್ಳುಕಂಟಿ, ಅಲ್ಲಲ್ಲಿ ಜಾಲಿಯ ಜಾತಿಯ ಮರಗಳು ಇವೆ. ಆದರೆ ನೆಲದ ಮೇಲೆ ನಿಂತ ನೀರು ವರ್ಷದ ಬಹುಪಾಲು ಎಲ್ಲೂ ಇಲ್ಲ.

ನೈಋತ್ಯದ ಒಣ ಮೂಲೆಯಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಖಾತ್ರಿಯಿಲ್ಲ, ನಡುಭಾಗದಲ್ಲಿ 250ರಿಂದ 400. ಇದೂ ಸರಾಸರಿಯ ಮಾತು. ಅದರ ಅರ್ಧವೂ ಬೀಳದ ವರ್ಷಗಳಿವೆ. ಮರಾಮಾ ವರ್ಷಕ್ಕೆ ಕೇವಲ 100 ಮಿ.ಮೀ. ಬೀಳುವ ಕಡೆಯೂ ಬದುಕಿರುವುದು ದಾಖಲಾಗಿದೆ. ನಮ್ಮ ಆಗುಂಬೆಯಲ್ಲಿ ಒಂದು ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ. 250 ಮಿ.ಮೀ. ಬೀಳುವ ಊರಿನಲ್ಲಿ ಅಷ್ಟು ಮಳೆ ಕೂಡಿಬರಲು 28 ವರ್ಷ ಕಾಯಬೇಕು. ಬಿದ್ದಿದ್ದಾದರೂ ನಿಲ್ಲುತ್ತದೆಯೇ? ತೆರೆದಿಟ್ಟ ನೀರಿನಿಂದ ಅಲ್ಲಿನ ಬಿಸಿಲು, ಒಣಗಾಳಿ ವರ್ಷಕ್ಕೆ ಎಳೆದುಕೊಳ್ಳಬಲ್ಲದ್ದು 2,000 ಮಿ.ಮೀ. ಆಸುಪಾಸು. ಆಕಾಶ ಕೊಡುವುದಕ್ಕಿಂತ ಏಳೆಂಟು ಪಟ್ಟು ಹೆಚ್ಚು ಬೇಡುತ್ತದೆ. ಉಳಿದ ಹನಿ ಮರಳಿನ ಸಂದಿಗಳಲ್ಲಿ ಸರಸರನೆ ಕೆಳಗಿಳಿದು ಬೇರಿನ ಕೈತಪ್ಪಿ ಹೋಗುತ್ತದೆ. ನೀರು ಬಂದು ಹೋಗುವ ಆ ಕೆಲವು ದಿನಗಳಲ್ಲೇ ಅದನ್ನು ಹಿಡಿಯಬೇಕು.

ಗೆಡ್ಡೆಯ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. ಅಂದರೆ ಆ 277 ಕಿಲೋದಲ್ಲಿ ಸುಮಾರು 250 ಲೀಟರ್ ನೀರು. ಮಳೆಯ ಲೆಕ್ಕದಲ್ಲಿ ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ಹಾಗಾಗಿ ಒಂದು ಚದರ ಮೀಟರ್ ಕಲಹರಿ ನೆಲಕ್ಕೆ ಇಡೀ ವರ್ಷ ಬೀಳುವಷ್ಟು ಮಳೆ ಈ ಗೆಡ್ಡೆಯೊಳಗೆ ಕುಳಿತಿದೆ. ಕೇಳಲು ಸಣ್ಣದೆನಿಸಬಹುದು. ಬಳ್ಳಿ ಬುಡದಿಂದ ಸುತ್ತಲೂ ಮೂರು ಮೀಟರ್ ಹಬ್ಬಿದರೆ ಅದರ ಅಡಿಗೆ ಸುಮಾರು 28 ಚದರ ಮೀಟರ್ ನೆಲ ಬರುತ್ತದೆ, ಅಲ್ಲಿ ವರ್ಷಕ್ಕೆ ಬೀಳುವ ಮಳೆ 7,000 ಲೀಟರ್. ಮರಾಮಾ ಅದರಲ್ಲಿ ಉಳಿಸಿದ್ದು ನೂರಕ್ಕೆ ಮೂರೂವರೆ ಪಾಲು. ಅದೂ ಒಂದೇ ವರ್ಷದಲ್ಲಿ ಅಲ್ಲ, ಎಷ್ಟೋ ವರ್ಷ ಸ್ವಲ್ಪ ಸ್ವಲ್ಪವಾಗಿ. ನನಗೆ ಆ 277ಕ್ಕಿಂತಲೂ ಹೆಚ್ಚು ಬೆರಗು ಹುಟ್ಟಿಸುವುದು ಈ ಮೂರೂವರೆ. ಎಂಥ ಬರಗಾಲದಲ್ಲೂ ಗಿಡವನ್ನು ಸಾಯಗೊಡದಿರಲು ಅಷ್ಟೇ ಸಾಕಾಗಿದೆ.

ಒಣನಾಡಿನ ಗಿಡಗಳೆಲ್ಲ ಈ ದಾರಿ ಹಿಡಿಯುವುದಿಲ್ಲ. ಅದೇ ಕಲಹರಿಯಲ್ಲಿ 'ಕುರುಬನ ಮರ' ಎಂಬರ್ಥದ ಇಂಗ್ಲಿಷ್ ಹೆಸರಿನಿಂದ ಕರೆಸಿಕೊಳ್ಳುವ ಮರವೊಂದಿದೆ, ಬೋಸಿಯಾ ಆಲ್ಬಿಟ್ರಂಕಾ. ಬೋರ್‌ವೆಲ್ ಕೊರೆಯುವಾಗ ಅದರ ಬೇರು 68 ಮೀಟರ್ ಆಳದಲ್ಲಿ ಸಿಕ್ಕಿದ ದಾಖಲೆ 1974ರದು. ಅಡಿಯಲ್ಲಿ ಹೇಳಿದರೆ 223. ಬಯಲುಸೀಮೆಯ ರೈತನಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ದ್ವಿದಳ ಸಸ್ಯಗಳಲ್ಲೂ ಹೀಗೆ ಆಳಕ್ಕಿಳಿದವು ಇವೆ. ಅಮೆರಿಕದ ಅರಿಜೋನಾದಲ್ಲಿ ಟೂಸಾನ್ ನಗರದ ಹತ್ತಿರ 1960ರಲ್ಲಿ ಗಣಿಯೊಂದಕ್ಕೆ ನೆಲ ಅಗೆಯುತ್ತಿದ್ದಾಗ ಮೆಸ್ಕೀಟ್ ಮರದ ಜೀವಂತ ಬೇರು 53 ಮೀಟರ್ ಕೆಳಗೆ ಕಂಡಿತು. ಆ ಮೆಸ್ಕೀಟಿಗೂ ನಮ್ಮ ಕೆರೆಯಂಗಳಗಳನ್ನು ನುಂಗಿ ಕುಳಿತಿರುವ ಬಳ್ಳಾರಿ ಜಾಲಿಗೂ ಹತ್ತಿರದ ನಂಟು. ಒಣ ಬೇಸಿಗೆಯಲ್ಲಿ ಸುತ್ತಲಿನದೆಲ್ಲ ಸುಟ್ಟು ಕಪ್ಪಾದಾಗಲೂ ಜಾಲಿ ಮಾತ್ರ ಹಸಿರಾಗಿರುವುದರ ಗುಟ್ಟು ಹೆಚ್ಚಾಗಿ ಅಡಗಿರುವುದು ಆ ಆಳದಲ್ಲೇ.

ನೀರಿರುವಲ್ಲಿಗೆ ತಾನೇ ಹೋಗುವುದು ಒಂದು ಬಗೆ. ಮರಾಮಾ ನೀರನ್ನು ತನ್ನಲ್ಲಿಗೆ ಕರೆಸಿ ಕೂಡಿಡುತ್ತದೆ. ಕೂಡಿಟ್ಟವನಿಗೆ ಖರ್ಚಿನ ಮೇಲೆ ಹಿಡಿತ ಬೇಕಷ್ಟೆ. ಬೆಳಿಗ್ಗೆ ಬಿಸಿಲು ಇನ್ನೂ ಎಳೆಯದಾಗಿರುವಾಗ ಮರಾಮಾದ ಎಲೆ ಅಗಲವಾಗಿ ತೆರೆದಿರುತ್ತದೆ. ಹೊತ್ತೇರಿ ಸೂರ್ಯ ನೆತ್ತಿಗೆ ಬರುತ್ತಿದ್ದಂತೆ ಎಲೆಯ ಎರಡು ಹೋಳುಗಳು ನಡುನರದ ಮೇಲೆ ಮಡಚಿಕೊಂಡು ಹತ್ತಿರ ಬರುತ್ತವೆ. ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆಯಾಗುತ್ತದೆ, ಎಲೆ ಕಾಯುವುದು ಕಡಿಮೆಯಾಗುತ್ತದೆ, ಆವಿಯಾಗಿ ಹೋಗುವ ನೀರೂ ಕಡಿಮೆ. ಉಸಿರಾಡುವ ರಂಧ್ರಗಳನ್ನೂ ಅದು ಬಿಗಿ ಮಾಡಿಕೊಳ್ಳುತ್ತದೆ. ಸಂಜೆಗೆ ಮತ್ತೆ ತೆರೆದುಕೊಳ್ಳುತ್ತದೆ. ಒಂದೊಂದು ಎಲೆಯಿಂದ ಉಳಿಯುವುದು ಹನಿಯ ಒಂದು ತುಣುಕಿರಬಹುದು. ದಿನಕ್ಕೊಮ್ಮೆ, ನೂರಾರು ಎಲೆಗಳಲ್ಲಿ, ಬೇಸಿಗೆಯುದ್ದಕ್ಕೂ ಅದು ನಡೆಯುತ್ತಲೇ ಇರುತ್ತದೆ.

ಇದಕ್ಕಿಂತ ದೊಡ್ಡ ಮಿತವ್ಯಯ ಚಳಿಗಾಲದ್ದು. ಕಲಹರಿಯಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ, ಜೂನ್–ಜುಲೈ ರಾತ್ರಿಗಳಲ್ಲಿ ಸೊನ್ನೆಗಿಂತ ಕೆಳಗಿಳಿದು ಹುಲ್ಲಿನ ಮೇಲೆ ಹಿಮ ಹೆಪ್ಪುಗಟ್ಟುತ್ತದೆ. ಆ ಒಣಚಳಿಯ ತಿಂಗಳುಗಳಲ್ಲಿ ಮರಾಮಾ ನೆಲದ ಮೇಲಿನ ತನ್ನ ಮೈಯನ್ನು ಪೂರ್ತಿ ಬಿಟ್ಟುಕೊಡುತ್ತದೆ. ಬಳ್ಳಿ ಒಣಗಿ, ಮುರಿದು, ಗಾಳಿಗೆ ಹಾರಿಹೋಗುತ್ತದೆ. ಆಗ ಆ ಜಾಗದಲ್ಲಿ ನಿಂತವರಿಗೆ ಕಾಲಡಿಯಲ್ಲಿ ಎರಡೂಮುಕ್ಕಾಲು ಕ್ವಿಂಟಾಲ್ ಜೀವವಿದೆ ಎಂಬುದು ಗೊತ್ತಾಗುವ ಗುರುತೇ ಇರುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ನೆಲ ಬೆಚ್ಚಗಾಗಿ ಮಳೆಯ ಸುಳಿವು ಸಿಕ್ಕರೆ ಹೊಸ ಕುಡಿ.

ದ್ವಿದಳ ಸಸ್ಯಗಳ ಕುಟುಂಬದಲ್ಲಿ ಇಂದು ಗುರುತಿಸಿರುವುದು ಸುಮಾರು 19,500 ಪ್ರಭೇದಗಳನ್ನು. ಹೂಬಿಡುವ ಸಸ್ಯಗಳಲ್ಲಿ ಇದಕ್ಕಿಂತ ದೊಡ್ಡ ಕುಟುಂಬಗಳು ಎರಡೇ, ಸೂರ್ಯಕಾಂತಿಯದು ಮತ್ತು ಆರ್ಕಿಡ್‌ನದು. 2017ರಲ್ಲಿ ವಿಜ್ಞಾನಿಗಳು ಈ ದೊಡ್ಡ ಕುಟುಂಬವನ್ನು ಆರು ಉಪಕುಟುಂಬಗಳಾಗಿ ಹೊಸದಾಗಿ ವಿಂಗಡಿಸಿದರು. ನಾವು ದಿನವೂ ಬೇಯಿಸುವ ಬೇಳೆಕಾಳುಗಳೆಲ್ಲ ಒಂದರಲ್ಲಿ. ಮರಾಮಾ ಸೇರಿರುವುದು ಇನ್ನೊಂದು, ಸುಮಾರು 335 ಪ್ರಭೇದಗಳ ಚಿಕ್ಕ ಬಳಗಕ್ಕೆ. ಆ ಬಳಗ ನಮಗೆ ಅಪರಿಚಿತವಲ್ಲ. ಮಂದಾರ, ಬಸವನಪಾದ ಎಂದು ನಾವು ಕರೆಯುವ, ರಸ್ತೆಬದಿಯಲ್ಲೂ ಗುಡಿಯ ಅಂಗಳದಲ್ಲೂ ಹೂಬಿಡುವ ಮರಗಳು ಅದೇ ಬಳಗದವು. ಮಂದಾರದ ಇಬ್ಬಾಗದ ಎಲೆ ಕಂಡವರು ಮರಾಮಾದ ಎಲೆಯನ್ನು ನೋಡಿದ ಕೂಡಲೇ ನೆಂಟಸ್ತಿಕೆ ಹೇಳಿಬಿಡುತ್ತಾರೆ. ಬರ್ಚೆಲ್ ಎಂಬ ಆಂಗ್ಲ ಸಂಚಾರಿಗೂ ಅದೇ ಕಂಡಿತ್ತು, 1824ರಲ್ಲಿ ಅವನು ಇದನ್ನು ಮಂದಾರದ ಬೌಹಿನಿಯಾ ಕುಲಕ್ಕೇ ಸೇರಿಸಿ ವರ್ಣಿಸಿದ. ಕೇಪ್ ಟೌನಿನಿಂದ ಎತ್ತಿನ ಬಂಡಿ ಕಟ್ಟಿಕೊಂಡು 1811ರಲ್ಲಿ ಹೊರಟ ಆ ಮನುಷ್ಯ ನಾಲ್ಕು ವರ್ಷ ಅಲೆದು, 7,000 ಕಿಲೋಮೀಟರ್ ಕ್ರಮಿಸಿ, 50,000ಕ್ಕೂ ಹೆಚ್ಚು ಮಾದರಿಗಳನ್ನು ಹೊತ್ತು ತಂದ. ಅಷ್ಟರ ನಡುವೆ ಈ ಬಳ್ಳಿಯೂ ಒಂದು. ಮಂದಾರದ ಕುಲದಿಂದ ಬೇರ್ಪಟ್ಟು ಈಗಿನ ಹೆಸರು ಬರಲು ಅದಕ್ಕೆ 136 ವರ್ಷ ಬೇಕಾಯಿತು.

ಇನ್ನು ಕಾಳು. ಗೆಡ್ಡೆಯ ದೊಡ್ಡತನದೆದುರು ಎರಡೂವರೆ ಗ್ರಾಮಿನ ಕಾಳು ಮಂಕಾಗಿ ಕಂಡರೆ ಅದು ಕಾಳಿಗೆ ಮಾಡಿದ ಅನ್ಯಾಯ. ನೂರು ಗ್ರಾಂ ತೊಗರಿಬೇಳೆಯಲ್ಲಿ ಪ್ರೊಟೀನು 22 ಗ್ರಾಂ ಸುಮಾರು, ಎಣ್ಣೆ ಎರಡು ಗ್ರಾಮಿಗೂ ಕಡಿಮೆ. ಶೇಂಗಾದಲ್ಲಿ ಪ್ರೊಟೀನು 25, ಎಣ್ಣೆ 48ರ ಆಸುಪಾಸು. ಸೋಯಾದಲ್ಲಿ ಪ್ರೊಟೀನು 36ರಿಂದ 40, ಎಣ್ಣೆ 20. ಮರಾಮಾ ಕಾಳಿನ ತಿರುಳಿನಲ್ಲಿ ಪ್ರೊಟೀನು 29ರಿಂದ 38, ಎಣ್ಣೆ 32ರಿಂದ 42. ಸೋಯಾದ ಪ್ರೊಟೀನಿಗೆ ಹತ್ತಿರ, ಶೇಂಗಾದ ಎಣ್ಣೆಗೆ ಹತ್ತಿರ, ಎರಡೂ ಒಂದೇ ಕಾಳಿನಲ್ಲಿ. ಪಿಷ್ಟ ಒಂದು ಗ್ರಾಮಿಗೂ ಕಡಿಮೆ. ಸೋಯಾ, ಶೇಂಗಾಗಳ ಹಿಂದೆ ಸಾವಿರಾರು ವರ್ಷಗಳ ರೈತರ ಆಯ್ಕೆಯಿದೆ. ಒಳ್ಳೆಯ ಕಾಯಿ ನೋಡಿ ಬೀಜಕ್ಕೆ ಎತ್ತಿಟ್ಟ ಎಷ್ಟೋ ತಲೆಮಾರಿನ ಕೈಗಳಿವೆ, ಗೊಬ್ಬರ ನೀರು ಇವೆ. ಮರಾಮಾ ಈ ಮಟ್ಟಕ್ಕೆ ಬಂದದ್ದು ಯಾರ ಆಯ್ಕೆಯೂ ಇಲ್ಲದೆ.

ಒಂದು ಕಗ್ಗಂಟೂ ಇಲ್ಲಿದೆ. ಪ್ರೊಟೀನು ಕಟ್ಟಲು ಸಾರಜನಕ ಬೇಕು. ಬೇಳೆಕಾಳಿನ ಗಿಡಗಳು ಅದನ್ನು ಪಡೆಯುವ ಬಗೆ ನಮ್ಮ ಶಾಲೆಯ ಪಾಠದಲ್ಲೇ ಬರುತ್ತದೆ. ಬೇರಿನ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾಗಳು ಮನೆಮಾಡಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಿ ಕೊಡುತ್ತವೆ. ಮರಾಮಾದ ಬೇರಿನಲ್ಲಿ ಆ ಗಂಟುಗಳೇ ಇಲ್ಲ. ಮಂದಾರದ ಬಳಗದ ಯಾವ ಗಿಡಕ್ಕೂ ಅವು ಇಲ್ಲ. ಕಲಹರಿಯ ಮರಳಾದರೋ ಸಾರಜನಕ, ರಂಜಕ ಎರಡಕ್ಕೂ ಬಡವಾದದ್ದು. ಗಂಟಿಲ್ಲದ ಬೇರಿನಿಂದ, ಸಾರವಿಲ್ಲದ ನೆಲದಲ್ಲಿ, ತೊಗರಿಯ ಒಂದೂವರೆ ಪಟ್ಟು ಪ್ರೊಟೀನು. ಇದಕ್ಕೆ ಉತ್ತರ ಹುಡುಕುತ್ತ, ಗಿಡದ ಅಂಗಾಂಶದೊಳಗೇ ವಾಸಿಸುವ ಬೇರೆ ಬ್ಯಾಕ್ಟೀರಿಯಾಗಳನ್ನು ನಮೀಬಿಯಾದ ವಿಜ್ಞಾನಿಗಳು ಬೇರ್ಪಡಿಸಿ ಅಭ್ಯಾಸ ಮಾಡಿದ್ದಾರೆ.

ಈ ಎಲ್ಲ ಅಂಕಿಗಳಿಗೂ ಮೊದಲೇ ಮರಾಮಾವನ್ನು ಬಲ್ಲವರು ಸಾನ್ ಜನ, ಕಲಹರಿಯ ಹಳೆಯ ನಿವಾಸಿಗಳು. ಅವರ ಪೈಕಿ ಕುಂಗ್ ಗುಂಪಿನವರು ಇದನ್ನು ತ್ಸಿನ್ ಎನ್ನುತ್ತಾರೆ. ಹಸಿಯಾಗಿ ತಿಂದರೆ ಕಾಳು ಲೋಳೆ, ರುಚಿಯಿಲ್ಲ, ಜೀರ್ಣಕ್ಕೂ ಅಡ್ಡಿ. ಬಿಸಿಬೂದಿಯಲ್ಲೋ ಕಾದ ಮರಳಲ್ಲೋ ಹುರಿದು ಸಿಪ್ಪೆಯೊಡೆದರೆ ಗೋಡಂಬಿಯ ರುಚಿ ಬರುತ್ತದೆಂದು ತಿಂದವರು ಬರೆದಿದ್ದಾರೆ. ಕುಟ್ಟಿ ಹಿಟ್ಟು ಮಾಡಿ ಗಂಜಿ ಕಾಯಿಸುವುದೂ ಉಂಟು. ಗೆಡ್ಡೆಯ ವಿಷಯದಲ್ಲಿ ಅವರ ಆಯ್ಕೆ ಸ್ಪಷ್ಟ. ಒಂದೆರಡು ವರ್ಷದ, ಕಿಲೋ ತೂಗುವ ಎಳೆಗೆಡ್ಡೆಯನ್ನು ಅಗೆದು ಸುಟ್ಟೋ ಬೇಯಿಸಿಯೋ ತಿನ್ನುತ್ತಾರೆ, ಅದು ಸಿಹಿ. ಎರಡು ವರ್ಷ ದಾಟಿದರೆ ನಾರು ಮತ್ತು ಕಹಿ. ಹಾಗಾಗಿ ದೊಡ್ಡ ಗೆಡ್ಡೆಗಳು ನೆಲದಲ್ಲೇ ಉಳಿದು ವರ್ಷವರ್ಷವೂ ಬಳ್ಳಿ ಹಬ್ಬಿಸಿ ಕಾಳು ಕೊಡುತ್ತಿರುತ್ತವೆ. ನೀರು ಎಲ್ಲೂ ಇಲ್ಲದಾದಾಗ ಮಾತ್ರ ಆ ಕಹಿಗೆಡ್ಡೆಯ ಕಡೆ ನೋಡುವುದು.

ಹಾಗೆ ನೋಡಬೇಕಾಗಿ ಬಂದ ಕಾಲವೊಂದರ ಲೆಕ್ಕ ದಾಖಲಾಗಿದೆ. 1960ರ ದಶಕದ ನಡುವೆ ಬೋಟ್ಸ್ವಾನಾದಲ್ಲಿ ಮೂರು ವರ್ಷ ಸತತ ಬರ. ಬೆಳೆ ಹೋಯಿತು, ಮೇವಿಲ್ಲದೆ ದನಗಳು ಸಾಲುಸಾಲಾಗಿ ಸತ್ತವು. ದೇಶದ ಜನಸಂಖ್ಯೆ ಆಗ ಐದು ಲಕ್ಷ ದಾಟಿತ್ತಷ್ಟೆ. ಅದರಲ್ಲಿ 1,80,000 ಮಂದಿ, ನೂರಕ್ಕೆ ಮೂವತ್ತು ಮೀರಿ, ವಿಶ್ವ ಆಹಾರ ಕಾರ್ಯಕ್ರಮದ ಗಂಜಿಯ ಮೇಲೆ ಬದುಕಿದರು. ಅದೇ ಬರದ ನಡುವೆ, 1964ರ ಜುಲೈನಲ್ಲಿ, ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞ ದೋಬೆ ಎಂಬ ನೀರಿನೆಡೆಯಲ್ಲಿ ಸಾನ್ ಕುಟುಂಬಗಳು ತಂದ ಆಹಾರವನ್ನು ದಿನವೂ ತೂಗಿ ಬರೆದಿಡುತ್ತಿದ್ದ. ತಲೆಗೆ ದಿನಕ್ಕೆ 2,140 ಕ್ಯಾಲೊರಿ. ದೋಬೆಗೆ ಪರಿಹಾರದ ಗಂಜಿ ಬಂದಿರಲೇ ಇಲ್ಲ, ಬೇಕಾಗಿಯೂ ಇರಲಿಲ್ಲ. ಅವರ ಊಟದ ದೊಡ್ಡ ಪಾಲು ಮೊಂಗೊಂಗೊ ಎಂಬ ಮರದ ಕಾಯಿಯದು, ಇದನ್ನು ಮರೆಮಾಚಿ ಮರಾಮಾವನ್ನು ಹೊಗಳುವುದು ಸರಿಯಲ್ಲ. ಆದರೆ ಆ ಜನ ಬಲ್ಲ ನೂರಕ್ಕೂ ಹೆಚ್ಚು ತಿನ್ನುವ ಸಸ್ಯಗಳ ಪಟ್ಟಿಯಲ್ಲಿ ಮರಾಮಾದ ಹೆಸರೂ ಇತ್ತು. ದನಕರು ಸಾಕುವ ನೆರೆಯ ಹೆರೆರೋ ಹೆಂಗಸರು ಆ ವರ್ಷ ಸಾನ್ ಹೆಂಗಸರ ಜೊತೆ ಕಾಡಿಗೆ ಹೋಗಿ, ಅವರು ತೋರಿಸಿದ್ದನ್ನು ಕಿತ್ತು ತಂದು ಮಕ್ಕಳನ್ನು ಸಾಕಿದರು.

ಇಷ್ಟೆಲ್ಲ ಗುಣವಿರುವ ಗಿಡ ಇನ್ನೂ ಹೊಲಕ್ಕೆ ಬರಲಿಲ್ಲವೇಕೆ? 1979ರಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಉಷ್ಣವಲಯದ ದ್ವಿದಳ ಸಸ್ಯಗಳ ಬಗ್ಗೆ ತಂದ ಪುಸ್ತಕದಲ್ಲಿ ಮರಾಮಾವನ್ನು ನಾಳಿನ ಬೆಳೆಗಳ ಸಾಲಿಗೆ ಸೇರಿಸಿತ್ತು. ಟೆಕ್ಸಸ್‌ನಲ್ಲಿ ನೆಟ್ಟು, ಬಂದ ಕಾಳಿನ ಫಸಲಿನ ವರದಿಯನ್ನು 1987ರಲ್ಲಿ ಪ್ರಕಟಿಸಿದರು. ಓಹಿಯೋದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಕಲಿಸ್ ಮತ್ತು ನಮೀಬಿಯಾ, ದಕ್ಷಿಣ ಆಫ್ರಿಕಾದ ಅವರ ಸಂಗಾತಿಗಳು ಇದರ ವಂಶವಾಹಿಗಳನ್ನು ಓದುತ್ತಿದ್ದಾರೆ. ಕೆಲಸ ನಿಂತಿಲ್ಲ. ತೊಡಕಿರುವುದು ಗಿಡದ ಸ್ವಭಾವದಲ್ಲಿ.

ಮರಾಮಾ ಹೂಗಳಲ್ಲಿ ಎರಡು ಬಗೆ. ಕೆಲವು ಗಿಡಗಳ ಹೂವಿನಲ್ಲಿ ಶಲಾಕೆ ಉದ್ದ, ಕೇಸರಗಳು ಮೋಟು. ಇನ್ನು ಕೆಲವದರಲ್ಲಿ ಇದರ ತಿರುವು ಮುರುವು. ತನ್ನ ಪರಾಗ ತನಗೆ ಒಗ್ಗುವುದಿಲ್ಲ, ಆ ಬಗೆಯ ಪರಾಗ ಈ ಬಗೆಯ ಹೂವಿಗೆ ಬರಬೇಕು. ಒಳ್ಳೆಯ ಗುಣದ ಒಂದೇ ಗಿಡವನ್ನು ಆರಿಸಿ ಅದರ ಬೀಜದಿಂದ ಅದರಂಥದನ್ನೇ ಬೆಳೆಸಿಕೊಳ್ಳುವ, ನಮ್ಮ ರೈತರು ಅವರೆ ಹೆಸರುಗಳಲ್ಲಿ ಮಾಡಿಕೊಂಡು ಬಂದ ಸುಲಭದ ದಾರಿ ಇಲ್ಲಿ ನಡೆಯದು. ಹೂ ಬಹಳ, ಕಾಯಿ ಕಡಿಮೆ. ಮೇಲಾಗಿ ಗೆಡ್ಡೆಗೆ ಮೊದಲು ತನ್ನ ಕಣಜ ತುಂಬಿಕೊಳ್ಳಬೇಕು, ಹೂವು ಕಾಯಿ ಆಮೇಲೆ. ಬರದಲ್ಲಿ ಗಿಡವನ್ನು ಕಾಯುವ ಈ ಗುಣವೇ ತಳಿ ಸುಧಾರಿಸುವವರ ಕೈಕಟ್ಟುತ್ತದೆ.

ಬೀಜ ಬಿತ್ತಿ ಮೊದಲ ಹೂ ಕಾಣಲು ಎರಡರಿಂದ ನಾಲ್ಕು ವರ್ಷ. ಮೂರೆಂದು ಹಿಡಿಯೋಣ. ಹೆಸರುಕಾಳು 65–70 ದಿನಕ್ಕೆ ಕೊಯ್ಲಿಗೆ ಬರುತ್ತದೆ, ನೀರಿದ್ದರೆ ವರ್ಷಕ್ಕೆ ಮೂರು ಫಸಲು. ಮೂವತ್ತು ವರ್ಷ ದುಡಿಯುವ ಒಬ್ಬ ತಳಿವಿಜ್ಞಾನಿ ಹೆಸರಿನಲ್ಲಿ ತೊಂಬತ್ತು ತಲೆಮಾರುಗಳನ್ನು ಕಾಣಬಹುದು. ಮರಾಮಾದಲ್ಲಿ ಹತ್ತು. ಆ ತೊಂಬತ್ತು ತಲೆಮಾರು ಮರಾಮಾದಲ್ಲಿ ಆಗಬೇಕಾದರೆ 270 ವರ್ಷ ಬೇಕು. ಬರ್ಚೆಲ್ 1824ರಲ್ಲಿ ಅದನ್ನು ವರ್ಣಿಸಿದ ದಿನದಿಂದಲೇ ಯಾರಾದರೂ ಆ ಕೆಲಸ ಹಿಡಿದು ಒಂದು ವರ್ಷವೂ ಬಿಡದೆ ಮುಂದುವರಿಸಿದ್ದರೆ, ಇಂದಿಗೆ ಅರವತ್ತೇಳನೆಯ ತಲೆಮಾರಿನ ಆಸುಪಾಸಿಗೆ ಬಂದಿರುತ್ತಿದ್ದರು.